ಶಾಲೆ ಬಿಟ್ಟ ಮೇಲೆ ಐಸ್‌ಕ್ರೀಮ್ ಮಾರಾಟ

ನಮ್ಮ ಬೆಳೆಗಾರರಲ್ಲಿ ಕೆಲವರ ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಕೊಯ್ಲು, ಒಣಗಿಸುವ ಕೆಲಸ ಮುಗಿಸಿ ಮೊಮ್ಮಕ್ಕಳನ್ನು ನೋಡಿಬಂದ ಸದಸ್ಯರು ತಿಳಿಸಿದ ಸಂಗತಿಗಳಲ್ಲಿ ಒಂದು ನಮ್ಮ ಗಮನ ಸೆಳೆಯಿತು. ಬೇಸಿಗೆಯ ಶುಕ್ರವಾರಗಳಲ್ಲಿ ಅಲ್ಲಿನ ಅನೇಕ ಪ್ರಾಥಮಿಕ ಶಾಲೆಗಳ ಗೇಟಿನ ಬಳಿ ಪೋಷಕರು ಮೇಜು ಹಾಕಿ ಐಸ್‌ಕ್ರೀಮ್ ಮಾರುತ್ತಾರೆ. ಮಕ್ಕಳು ಹೊರಬಂದ ಅರ್ಧ ಗಂಟೆಯಲ್ಲಿ ವ್ಯಾಪಾರ ಮುಗಿಯುತ್ತದೆ. ಲಾಭ ಶಾಲೆಯ ಪುಸ್ತಕಗಳಿಗೆ, ಆಟದ ಸಾಮಾನಿಗೆ ಸಲ್ಲುತ್ತದೆ.

ಇದಕ್ಕೂ ಕಾಫಿ, ಅಡಿಕೆಗೂ ಏನು ಸಂಬಂಧವೆಂದು ಕೇಳಬಹುದು. ಬೇಗ ಕೆಡುವ ಮಾಲು, ಸಣ್ಣ ಬಂಡವಾಳ, ಸಂಬಳವಿಲ್ಲದ ದುಡಿಮೆ, ಎಲ್ಲರಿಗೂ ಸೇರಿದ ಹಣ - ಇವು ಕೂಡಿದಲ್ಲಿ ಸಹಕಾರಿಗಳಾದ ನಮಗೆ ಕಲಿಯುವುದು ಇದ್ದೇ ಇದೆ.

ಮೊದಲನೆಯದು ತಂಪು

ಐಸ್‌ಕ್ರೀಮನ್ನು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಡಬೇಕು. ಬರಿಯ ಮಂಜುಗಡ್ಡೆ ಶೂನ್ಯ ಡಿಗ್ರಿಯಲ್ಲಿ ಕರಗುವುದರಿಂದ ಅದೊಂದೇ ಸಾಲದು. ಮೂರು ಪಾಲು ಪುಡಿ ಮಂಜುಗಡ್ಡೆಗೆ ಒಂದು ಪಾಲು ಉಪ್ಪು ಬೆರೆಸಿದರೆ ಶೂನ್ಯಕ್ಕಿಂತ ಸುಮಾರು 20 ಡಿಗ್ರಿ ಕೆಳಗಿನವರೆಗೂ ತಂಪು ಇಳಿಯುತ್ತದೆ. ಮಡಕೆ ಕುಲ್ಫಿಯವರು ಬಹುಕಾಲದಿಂದ ಬಲ್ಲ ಉಪಾಯವಿದು. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿಮಾಡಿ ಮಾರತಕ್ಕದ್ದಲ್ಲ. ಕರಗಿದಾಗ ಬೆಳೆದ ಸೂಕ್ಷ್ಮಜೀವಿಗಳು ಹೆಪ್ಪುಗಟ್ಟಿದ ಮಾತ್ರಕ್ಕೆ ಸಾಯುವುದಿಲ್ಲ. ಮಳೆಗೆ ನೆನೆದ ಅಡಿಕೆ ಮತ್ತೆ ಒಣಗಿಸಿದರೂ ಮೊದಲಿನ ಅಡಿಕೆಯಾಗದು, ಇಲ್ಲಿಯೂ ಹಾಗೆಯೇ.

ಎರಡನೆಯದು ಲೆಕ್ಕ

ಉದಾಹರಣೆಗೆ, 40 ಪೆನ್ಸ್ ಅಸಲಿನದನ್ನು 1 ಪೌಂಡಿಗೆ ಮಾರಿದರೆ ಲಾಭ 60 ಪೆನ್ಸ್. ನೂರು ತಂದರೆ 60 ಪೌಂಡ್ ಲಾಭವೆಂದು ಹಿಗ್ಗಬಾರದು. ಅದರಲ್ಲಿ ಹತ್ತು ಕರಗಿಹೋದರೆ ಬರುವುದು 90 ಪೌಂಡ್, ಖರ್ಚು 40, ಉಳಿಯುವುದು 50. ಆದ್ದರಿಂದ ಕಡಿಮೆ ತಂದು ಪೂರ್ತಿ ಮಾರುವುದೇ ಜಾಣತನ. ಹಣವನ್ನು ಇಬ್ಬರು ಕೂಡಿ ಎಣಿಸಿ, ಅಲ್ಲಿಯೇ ಬರೆದು, ಇಬ್ಬರೂ ಸಹಿ ಹಾಕುವುದು ಒಳ್ಳೆಯ ರೂಢಿ. ಇದು ಅಪನಂಬಿಕೆಯಲ್ಲ, ನಂಬಿಕೆಗೆ ಬೇಲಿ.

ಮೂರನೆಯದು ಒಗ್ಗದ ಮಗು

ಕೆಲವು ಮಕ್ಕಳಿಗೆ ಹಾಲು, ನೆಲಗಡಲೆ, ಗೋಡಂಬಿ ಮುಂತಾದವು ಒಗ್ಗುವುದಿಲ್ಲ. ಅಂಥವರಿಗೆ ಒಂದು ತುತ್ತೂ ಪ್ರಾಣಾಪಾಯ ತಂದೀತು. ಬ್ರಿಟನ್ನಿನ ಕಾಯಿದೆ ಇಂತಹ 14 ಪದಾರ್ಥಗಳನ್ನು ಹೆಸರಿಸಿದೆ. ದೊಡ್ಡ ಪೆಟ್ಟಿಗೆಯಿಂದ ತೆಗೆದ ಬಿಡಿ ಕಡ್ಡಿಯ ಮೇಲೆ ವಿವರವೆಲ್ಲ ಇರದಿರಬಹುದು. ಮಾರಾಟ ಮುಗಿಯುವ ತನಕ ಪೆಟ್ಟಿಗೆಯನ್ನು ಎಸೆಯಬಾರದು. ಕೇಳಿದವರಿಗೆ ಓದಿ ತೋರಿಸಬೇಕು.

ಕೊನೆಯದು ಕಾಸಿಲ್ಲದ ಮಗು

ಎಲ್ಲಕ್ಕಿಂತ ಕಷ್ಟದ ವಿಷಯವಿದು. ಮೇಜು ಗೇಟಿನಲ್ಲೇ ಇದ್ದರೆ, ಕೊಳ್ಳಲಾಗದ ತಾಯಿಯೂ ಮಕ್ಕಳ ಕೈಹಿಡಿದು ಅದರ ಮುಂದೆಯೇ ಹಾದುಹೋಗಬೇಕು. ವಾರ ವಾರವೂ ಆ ಮಗು ಬೇರೆಯವರ ಕೈ ನೋಡಬೇಕು. ಶಾಲೆಗೆ ಬಂದ ಐವತ್ತು ಪೌಂಡಿಗೆ ಆ ಮಗು ತೆತ್ತ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ. ದಾರಿಗಳಿವೆ. ಮೇಜನ್ನು ಗೇಟಿನಿಂದ ದೂರ ಹಾಕಬಹುದು. ವಾರಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ ಮಾರಬಹುದು. ಹಣದ ಬದಲು ಚೀಟಿ ಇಟ್ಟರೆ, ಯಾವ ಚೀಟಿಗೆ ಯಾರು ಹಣ ಕೊಟ್ಟರೆಂದು ಮಕ್ಕಳಿಗೆ ತಿಳಿಯದು. ಅಧ್ಯಾಪಕರು ಸದ್ದಿಲ್ಲದೆ ಒಂದನ್ನು ಕೈಗಿಡಬಹುದು. ವರ್ಷದ ಕೊನೆಯಲ್ಲಿ ಲಾಭದಿಂದಲೇ ಎಲ್ಲರಿಗೂ ಒಂದೊಂದು ಹಂಚಬಹುದು.

ನಮ್ಮೂರಿನಲ್ಲಿ?

ಇದನ್ನು ಇದ್ದಂತೆಯೇ ಇಲ್ಲಿ ನಕಲು ಮಾಡುವಂತಿಲ್ಲ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಾಗಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಾಗಲಿ ಗೇಟಿನಿಂದ 50 ಮೀಟರಿನೊಳಗಾಗಲಿ ಮಕ್ಕಳಿಗೆ ಮಾರಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಇಂಗ್ಲೆಂಡಿನಲ್ಲೂ 2015ರಲ್ಲಿ ಜಾರಿಗೆ ಬಂದ ಶಾಲಾ ಆಹಾರ ನಿಯಮಗಳು ನಿಧಿಸಂಗ್ರಹಕ್ಕೆ ವಿನಾಯಿತಿ ಕೊಟ್ಟದ್ದು ಅದನ್ನು ಅಪರೂಪಕ್ಕೆ ನಡೆಸಿದರೆ ಮಾತ್ರ.

ಆದರೆ ಮಾಲು ಬೇರೆಯಾದರೂ ಕ್ರಮ ಅದೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಮ್ಮ ಸದಸ್ಯರೂ ಅನೇಕರಿದ್ದಾರೆ. ತೋಟದ ಬಾಳೆಹಣ್ಣು, ಕಿತ್ತಳೆ, ಎಳನೀರು ಇಟ್ಟು, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಒಂದು ಸಂಜೆ ನಡೆಸಿ ನೋಡಬಹುದು. ಲೆಕ್ಕವನ್ನು ಮರುದಿನವೇ ಶಾಲೆಯ ಹಲಗೆಯ ಮೇಲೆ ಬರೆಯಿರಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಸಂಜೆ ಬರಿಗೈಯಲ್ಲಿ ಮನೆಗೆ ಹೋಗುವ ಮಗು ಯಾವುದು? ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರ ಮಗುವೇ ಆಗಿದ್ದರೆ, ಚೀಟಿ ಕೊಳ್ಳಬೇಕಾದವರು ನಾವೇ.