ಶಾಲೆಯ ನಲ್ಲಿ ನೀರಿನ ಲೆಕ್ಕ ಕೇಳಿ ಪಡೆಯಿರಿ

"ನಮ್ಮ ಶಾಲೆಯ ನೀರು ಎಲ್ಲ ಮಾನದಂಡಗಳಿಗೂ ಅನುಗುಣವಾಗಿದೆ." ಅಮೆರಿಕದ ಶಾಲೆಯಿಂದ ಇಂಥ ಇಮೇಲ್ ಬಂದರೆ ಹೆಚ್ಚಿನ ಅಪ್ಪ ಅಮ್ಮಂದಿರಿಗೆ ಅಷ್ಟೇ ಸಾಕು. ಅಳತೆಗಳ ಜೊತೆಗೇ ದಿನ ಕಳೆಯುವ ವಿಜ್ಞಾನಿಯಾಗಿ ನನಗೆ ಸಾಲದು. ಆ ವಾಕ್ಯದ ಹಿಂದೆ ಒಂದು ಪಟ್ಟಿ ಇರುತ್ತದೆ: ಯಾವ ನಲ್ಲಿ, ಯಾವ ದಿನ, ಎಷ್ಟು ಸೀಸ. ಶಾಲೆ ಸರ್ಕಾರದ್ದಾದರೆ ಆ ಪಟ್ಟಿಯನ್ನು ಅರ್ಜಿ ಹಾಕಿ ಪಡೆಯಬಹುದು.

(ಮಕ್ಕಳಿಗೆ ಹೇಳುವಾಗ ಒಂದು ಮಾತು. 'ಸೀಸದ ಕಡ್ಡಿ'ಯಲ್ಲಿ ಸೀಸವಿಲ್ಲ, ಅದು ಗ್ರಾಫೈಟ್. ಇದು ಹಳೆಯ ಪೈಪು, ನಲ್ಲಿಗಳಿಂದ ನೀರಿಗೆ ಸೇರುವ ಲೋಹ.)

ಪಟ್ಟಿಯನ್ನೇ ಯಾಕೆ ಕೇಳಬೇಕು? ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಡೆದದ್ದು ನೋಡಿ. 2014ರ ಏಪ್ರಿಲ್‌ನಲ್ಲಿ ಅಲ್ಲಿ ಫ್ಲಿಂಟ್ ನದಿಯ ನೀರು ಕೊಡಲು ಶುರುಮಾಡಿದರು, ಪೈಪು ಸವೆಯದಂತೆ ತಡೆಯುವ ರಾಸಾಯನಿಕ ಮಾತ್ರ ಸೇರಿಸಲಿಲ್ಲ. ಮರುವರ್ಷ ವರ್ಜೀನಿಯಾ ಟೆಕ್‌ನ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರ ತಂಡ ಮನೆಮನೆಯ ನೀರು ಪರೀಕ್ಷಿಸಿತು. ಜೊತೆಗೆ ದಾಖಲೆಗಳಿಗೆ ಅರ್ಜಿ ಹಾಕಿ, ಸಿಕ್ಕ ಇಮೇಲ್, ವರದಿಗಳನ್ನು ಎಲ್ಲರೂ ಓದುವಂತೆ ಅಂತರ್ಜಾಲದಲ್ಲಿ ಹಾಕಿತು.

ಒಂದೇ ಪರೀಕ್ಷೆಗೆ ಎರಡು ವರದಿಗಳಿದ್ದವು. ಮೊದಲನೆಯದರಲ್ಲಿ 71 ಮಾದರಿ, ತಿದ್ದಿದ್ದರಲ್ಲಿ 69. ಬಿಟ್ಟ ಎರಡರಲ್ಲಿ ಒಂದು ಲೀಆನ್ ವಾಲ್ಟರ್ಸ್ ಎಂಬ ತಾಯಿಯ ಮನೆಯದು: 104 ಪಿಪಿಬಿ, ಅಂದರೆ ಲೀಟರಿಗೆ 104 ಮೈಕ್ರೊಗ್ರಾಂ. ಅವೆರಡೂ ಇದ್ದಾಗ ಊರಿನ ಅಂಕಿ, ಕ್ರಮ ಕೈಗೊಳ್ಳಲೇಬೇಕಾದ 15 ಪಿಪಿಬಿ ಗೆರೆ ದಾಟುತ್ತಿತ್ತು. ತೆಗೆದ ಮೇಲೆ 11ಕ್ಕೆ ಇಳಿಯಿತು. ಆ ಮನೆಯಲ್ಲಿ ಫಿಲ್ಟರ್ ಇತ್ತು ಎಂಬುದು ಬಿಟ್ಟದ್ದಕ್ಕೆ ಕೊಟ್ಟ ಕಾರಣ! ಕೊನೆಯ ವರದಿಯೊಂದನ್ನೇ ಓದಿದವರಿಗೆ ಇದಾವುದೂ ಕಾಣುತ್ತಿರಲಿಲ್ಲ.

ಈಗ ನಮ್ಮ ಅರ್ಜಿ. ಎಲ್ಲರ ಬಾಯಲ್ಲಿರುವ 1966ರ ಎಫ್‌ಒಐಎ ಫೆಡರಲ್ ಇಲಾಖೆಗಳಿಗೆ ಮಾತ್ರ. ಶಾಲೆಗೆ ಅನ್ವಯಿಸುವುದು ಆಯಾ ರಾಜ್ಯದ ಸಾರ್ವಜನಿಕ ದಾಖಲೆ ಕಾನೂನು. ಎಚ್1ಬಿ ವೀಸಾದಲ್ಲಿರುವವರು "ನಾವು ಕೇಳಬಹುದಾ?" ಎಂದು ಅಳುಕುತ್ತಾರೆ. ಭಾರತದ ಆರ್‌ಟಿಐ ನಾಗರಿಕರಿಗೆ ಮೀಸಲು, ಎಫ್‌ಒಐಎ ಹಾಗಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಾನೂನುಗಳಲ್ಲೂ ಯಾರು ಬೇಕಾದರೂ ಕೇಳಬಹುದು. ವರ್ಜೀನಿಯಾ, ಟೆನೆಸ್ಸಿಯಂಥ ಕೆಲವು ಕಡೆ ಮಾತ್ರ ಆ ರಾಜ್ಯದ ನಾಗರಿಕರಿಗೆ ಎಂದಿದೆ. ಬ್ರಿಟನ್ನಿನಲ್ಲಿರುವವರಿಗೂ ಈ ದಾರಿ ಇದೆ, ಅಲ್ಲಿ ಉತ್ತರಕ್ಕೆ 20 ಕೆಲಸದ ದಿನ.

"ನೀರು ಸುರಕ್ಷಿತವೇ?" ಎಂದು ಕೇಳಬೇಡಿ. ಅದು ಪ್ರಶ್ನೆ, ದಾಖಲೆಯಲ್ಲ. ಅದಕ್ಕೆ ಮತ್ತದೇ ವಾಕ್ಯ ಬರುತ್ತದೆ. ಹೀಗೆ ಬರೆಯಿರಿ: "ಇಂಥ ಶಾಲೆಯ ಕುಡಿಯುವ ನೀರಿನ ಸೀಸದ ಪರೀಕ್ಷೆಗೆ ಸಂಬಂಧಿಸಿ, ಈ ದಿನಾಂಕದಿಂದ ಈ ದಿನಾಂಕದವರೆಗಿನ ಎಲ್ಲ ಪ್ರಯೋಗಾಲಯ ವರದಿಗಳು, ಮಾದರಿ ತೆಗೆದ ಸೂಚನೆಗಳು ಮತ್ತು ಕೈಬಿಟ್ಟ ಮಾದರಿಗಳ ವಿವರ; ಸಾಧ್ಯವಾದರೆ ಎಕ್ಸೆಲ್ ರೂಪದಲ್ಲಿ." ಶುಲ್ಕವಿದ್ದರೆ ಮೊದಲೇ ತಿಳಿಸಿ ಎಂದೂ ಸೇರಿಸಿ. ಮೊದಲ ಉತ್ತರಕ್ಕೆ ಇಲಿನಾಯ್‌ನಲ್ಲಿ 5 ಕೆಲಸದ ದಿನ, ಕ್ಯಾಲಿಫೋರ್ನಿಯಾದಲ್ಲಿ 10 ದಿನ. ಗಡುವು ಮುಂದೂಡುವುದೂ ಉಂಟು.

ಮಾದರಿ ತೆಗೆದ ಸೂಚನೆ ಯಾಕೆಂದರೆ, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನಲ್ಲಿ ಸೀಸ ಹೆಚ್ಚು. ಶಾಲೆಗಳು 8ರಿಂದ 18 ಗಂಟೆ ನಿಂತ ನೀರಿನ ಮೊದಲ 250 ಮಿಲಿ ಹಿಡಿಯಬೇಕೆಂಬುದು ಪರಿಸರ ಸಂಸ್ಥೆ ಇಪಿಎಯ ಸಲಹೆ. ನಲ್ಲಿ ಬಿಟ್ಟು ಹರಿಸಿ ಹಿಡಿದರೆ ಅಂಕಿ ತಾನೇ ಇಳಿಯುತ್ತದೆ. ಅಂಕಿ ಓದುವಾಗ ನಾನಂತೂ 15ಕ್ಕಿಂತ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯನ್ನೇ ನೋಡುತ್ತೇನೆ: ಶಾಲೆಯ ನಲ್ಲಿಯಲ್ಲಿ 1 ಪಿಪಿಬಿ ಮೀರಬಾರದು. ನಮ್ಮ ಮನೆಗಳ ಅಭ್ಯಾಸದಂತೆ ಕುದಿಸಿದರೆ ಸೀಸ ಹೋಗುವುದಿಲ್ಲ. ಸೀಸಕ್ಕೆಂದೇ ಪ್ರಮಾಣಪತ್ರ ಪಡೆದ ಫಿಲ್ಟರ್ ಬೇಕು.

ದಾಖಲೆ ಸಿಕ್ಕಾಗ ಅಂಕಿಯೊಂದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಎಸೆಯಬೇಡಿ, ಗಾಬರಿ ಮಾತ್ರ ಹಬ್ಬುತ್ತದೆ. ಪೂರ್ತಿ ಫೈಲನ್ನೇ ಹಂಚಿ, ಕಂಪ್ಯೂಟರ್ ಗೊತ್ತಿರುವ ಇನ್ನೊಬ್ಬ ಪೋಷಕರಿಂದ ಲೆಕ್ಕ ನೋಡಿಸಿ, ಶಾಲೆಯ ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕಳಿಸಿ. ನಲ್ಲಿ ಬದಲಾಯಿಸುತ್ತೇವೆ ಎಂದು ಅವರು ಹೇಳಿದರೆ ಮೂರು ತಿಂಗಳು ಬಿಟ್ಟು ಮತ್ತೊಂದು ಅರ್ಜಿ ಹಾಕಿ, ದುರಸ್ತಿಯ ಬಿಲ್ಲು ಮತ್ತು ಮರುಪರೀಕ್ಷೆಯ ವರದಿ ಕೇಳಿ.