ಬ್ಯಾಕಪ್ ಇದ್ದರೆ ಸಾಲದು, ಅದರ ಸೂಚಿಯೂ ಉಳಿಯಬೇಕು

ನಮ್ಮ ಹಿರಿಯ ವರ್ತಕರು ಕಿರ್ದಿ, ಖತಾವಣಿ ಬರೆಯುತ್ತಿದ್ದ ಕಾಲದಲ್ಲಿ ಖಾತೆ ಪುಸ್ತಕದ ಮೊದಲ ಪುಟಗಳನ್ನು ಅಕಾರಾದಿ ಸೂಚಿಗಾಗಿ ಬಿಟ್ಟಿರುತ್ತಿದ್ದರು. ಯಾರ ಲೆಕ್ಕ ಯಾವ ಪುಟದಲ್ಲಿದೆ ಎಂಬುದು ಅದರಿಂದ ಕ್ಷಣದಲ್ಲಿ ತಿಳಿಯುತ್ತಿತ್ತು. ಇಂದು ಮಂಡ್ಯದ ಬೆಲ್ಲದ ಮಂಡಿಯಿಂದ ಮಳವಳ್ಳಿಯ ರೇಷ್ಮೆ ನೂಲು ಬಿಚ್ಚುವ ಘಟಕದವರೆಗೆ ಲೆಕ್ಕಪತ್ರಗಳು ಕಂಪ್ಯೂಟರನ್ನು ಸೇರಿವೆ. ಬ್ಯಾಕಪ್ ತೆಗೆದಿಡುವ ಅಭ್ಯಾಸವೂ ಬಹುಮಟ್ಟಿಗೆ ಬಂದಿದೆ. ಆದರೆ ಯಾವ ಡಿಸ್ಕಿನಲ್ಲಿ ಯಾವ ವರ್ಷದ ಲೆಕ್ಕವಿದೆ ಎಂದು ತಿಳಿಸುವ ಸೂಚಿ ಮಾತ್ರ ಕಣ್ಮರೆಯಾಗಿದೆ.

ಇದರ ಬೆಲೆ ಎಷ್ಟೆಂಬುದನ್ನು ನನ್ನ ಕಕ್ಷಿದಾರರೊಬ್ಬರ ಅನುಭವದಿಂದ ಅರಿತೆ. ಮದ್ದೂರಿನಲ್ಲಿ ಕಬ್ಬಿಣ, ಸಿಮೆಂಟು ವ್ಯಾಪಾರ ಮಾಡುವ ಅವರಿಗೆ 2018-19ನೇ ಸಾಲಿನ ಹೂಡುವಳಿ ತೆರಿಗೆ ಜಮೆಯ ಬಗ್ಗೆ 2023ರ ಕೊನೆಯಲ್ಲಿ ನೋಟಿಸ್ ಬಂದಿತು. ಮೇಜಿನ ಡ್ರಾಯರಿನಲ್ಲಿ ಒಂಬತ್ತು ಪೆನ್ ಡ್ರೈವ್‌ಗಳೂ ಎರಡು ಹಾರ್ಡ್ ಡಿಸ್ಕುಗಳೂ ಇದ್ದವು. ಒಂದರ ಮೇಲೂ ಚೀಟಿ ಇರಲಿಲ್ಲ. ವಿವರ ಬರೆದಿದ್ದ ಡೈರಿ ಹಿಂದೊಮ್ಮೆ ಆಯುಧಪೂಜೆಗೆಂದು ಅಂಗಡಿ ಸ್ವಚ್ಛಗೊಳಿಸಿದಾಗ ಗುಜರಿ ಸೇರಿತ್ತು. ಒಂದೊಂದನ್ನೇ ತೆರೆದು ನೋಡುವುದರಲ್ಲಿ ಹನ್ನೆರಡು ದಿನಗಳು ಕಳೆದವು. ಖರೀದಿ ಬಿಲ್ಲುಗಳ ಸ್ಕ್ಯಾನ್ ಪ್ರತಿಗಳಿದ್ದ ಹಾರ್ಡ್ ಡಿಸ್ಕು ಕೆಟ್ಟಿತ್ತು. ಸಿಕ್ಕಷ್ಟು ಬಿಲ್ಲುಗಳೊಂದಿಗೆ ಉತ್ತರ ಸಲ್ಲಿಸಿ, ಉಳಿದ ಮೊತ್ತಕ್ಕೆ ತೆರಿಗೆಯನ್ನೂ ಬಡ್ಡಿಯನ್ನೂ ಕೈಯಿಂದಲೇ ಕಟ್ಟಬೇಕಾಯಿತು. ಪ್ರಕರಣ ಮುಗಿದ ಮೇಲೆ ಮಳವಳ್ಳಿಯ ಭಾವಮೈದುನರ ಮನೆಯ ಬೀರುವಿನಲ್ಲಿ ಎರಡನೆಯ ಪ್ರತಿ ಸಿಕ್ಕಿತು! ಹಳೆಯ ಗುಮಾಸ್ತರು ಮುಂಜಾಗ್ರತೆಯಿಂದ ಅಲ್ಲಿರಿಸಿದ್ದರು. ಪ್ರತಿ ಇತ್ತು, ಅದು ಇರುವ ಸುಳಿವು ಇರಲಿಲ್ಲ.

ದೊಡ್ಡ ಸಂಸ್ಥೆಗಳ ಪದ್ಧತಿ

ದೊಡ್ಡ ಸಂಸ್ಥೆಗಳ ಗಣಕ ವಿಭಾಗಗಳು ಈ ಅಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿವೆ. ಟಿವೋಲಿ ಸ್ಟೋರೇಜ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದ್ದ ಐಬಿಎಂ ಸಂಸ್ಥೆಯ ಬ್ಯಾಕಪ್ ತಂತ್ರಾಂಶದಲ್ಲಿ 'ವಾಲ್ಯೂಮ್ ಹಿಸ್ಟರಿ' ಎಂಬ ದಾಖಲೆಯೊಂದಿದೆ. ಯಾವ ಟೇಪಿನಲ್ಲಿ ಎಂದಿನ ಬ್ಯಾಕಪ್ ಇದೆ ಎಂಬ ಚರಿತ್ರೆ ಅದು. ಮೂಲ ಯಂತ್ರ ಕೆಟ್ಟಾಗ ಆ ಚರಿತ್ರೆಯಿಲ್ಲದೆ ಸರಿಯಾದ ಟೇಪನ್ನು ಹುಡುಕುವುದೇ ಕಷ್ಟವಾದುದರಿಂದ, ಅದರ ಪ್ರತಿಯನ್ನು ಬೇರೆಡೆ ಇರಿಸುವುದು ರೂಢಿ. ಹಳೆಯ ನಮೂದುಗಳನ್ನು ಎಷ್ಟು ದಿನ ಇಡಬೇಕೆಂಬ ಪ್ರಶ್ನೆ ಅಲ್ಲಿಯೂ ಇದ್ದೇ ಇದೆ. ಅಳಿಸದಿದ್ದರೆ ಪಟ್ಟಿ ಬೆಳೆಯುತ್ತದೆ. ಬೇಗ ಅಳಿಸಿದರೆ ಟೇಪು ಅನಾಥವಾಗುತ್ತದೆ. ಸಣ್ಣ ವರ್ತಕನಿಗೆ ಇಂತಹ ತಂತ್ರಾಂಶ ಬೇಕಿಲ್ಲ. ಒಂದು ನೋಟ್‌ಪುಸ್ತಕ ಸಾಕು.

ಕಾನೂನು ಏನು ಹೇಳುತ್ತದೆ?

ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆಯಾ ಸಾಲಿನ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕು. 2023-24ನೇ ಸಾಲಿಗೆ ಆ ಕೊನೆಯ ದಿನ 31-12-2024. ಆದುದರಿಂದ 31-12-2030ರವರೆಗೆ ದಾಖಲೆಗಳು ಇರಲೇಬೇಕು. ಮೇಲ್ಮನವಿ ಅಥವಾ ತನಿಖೆ ನಡೆದಿದ್ದಲ್ಲಿ, ಅದು ಅಂತಿಮವಾಗಿ ಮುಗಿದ ಮೇಲೆ ಒಂದು ವರ್ಷ ಅಥವಾ ಮೇಲಿನ ಅವಧಿ, ಇವೆರಡರಲ್ಲಿ ಯಾವುದು ನಂತರ ಮುಗಿಯುವುದೋ ಅಲ್ಲಿಯವರೆಗೆ. ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 128ನೇ ಕಲಮು ಎಂಟು ಹಣಕಾಸು ವರ್ಷಗಳನ್ನು ವಿಧಿಸುತ್ತದೆ. ಅದೇ 2023-24ನೇ ಸಾಲಿನ ಲೆಕ್ಕ ಕಂಪನಿಯಲ್ಲಿ 31-3-2032ರವರೆಗೆ ಉಳಿಯಬೇಕೆಂದಾಯಿತು.

ಕಾಯ್ದಿರಿಸುವ ವಿಧಾನವನ್ನೂ ಕಾನೂನು ತಿಳಿಸಿದೆ. ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಇಡುವವರು ಬ್ಯಾಕಪ್ ಇಟ್ಟು, ಅವಘಡದಲ್ಲಿ ನಾಶವಾದರೂ ಯುಕ್ತ ಅವಧಿಯೊಳಗೆ ಮತ್ತೆ ಪಡೆಯುವಂತಿರಬೇಕು; ಅಧಿಕಾರಿಗಳು ಕೇಳಿದಾಗ ಕಡತಗಳ ವಿವರ, ಪಾಸ್‌ವರ್ಡ್ ಮತ್ತು ಸಂಕೇತಗಳ ಅರ್ಥವನ್ನು ಒದಗಿಸಬೇಕು ಎಂದು ಜಿಎಸ್‌ಟಿ ನಿಯಮ 57 ಹೇಳುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮಿನ ಪ್ರಕಾರವೂ, ಇರಿಸಿದ ದಾಖಲೆಯನ್ನು ಮುಂದೆ ತೆರೆದು ಓದಲು ಸಾಧ್ಯವಾಗಬೇಕು. ಡ್ರಾಯರಿನಲ್ಲಿರುವ, ಆದರೆ ಗುರುತಿಸಲಾಗದ ಡಿಸ್ಕು ಈ ಅಗತ್ಯವನ್ನು ಪೂರೈಸುವುದಿಲ್ಲವೆಂಬುದನ್ನು ಗಮನಿಸಬೇಕು.

ಸೂಚಿಯ ಆಯುಷ್ಯ

ಹಾಗಾದರೆ ಬ್ಯಾಕಪ್ಪಿನ ಸೂಚಿಯನ್ನು ಎಷ್ಟು ಕಾಲ ಇಡಬೇಕು? ನನ್ನ ಸಲಹೆ ಸರಳವಾದುದು: ಸೂಚಿಯ ಆಯುಷ್ಯ ಡಿಸ್ಕಿನ ಆಯುಷ್ಯಕ್ಕಿಂತ ಕಡಿಮೆಯಾಗಬಾರದು. ಕಂಪನಿಯಾಗಿರಲಿ, ಮಾಲೀಕತ್ವದ ಅಂಗಡಿಯಾಗಿರಲಿ, ವಾರ್ಷಿಕ ಬ್ಯಾಕಪ್ಪಿಗೆ ಎಂಟು ವರ್ಷಗಳ ಅವಧಿಯನ್ನು ಸಾಮಾನ್ಯವಾಗಿ ಇರಿಸಿಕೊಳ್ಳುವುದು ಕ್ಷೇಮ. ಡಿಸ್ಕನ್ನು ನಾಶಪಡಿಸಿದಾಗ ಸೂಚಿಯ ಸಾಲನ್ನು ಹೊಡೆದುಹಾಕದೆ, ಎಂದು, ಯಾರು, ಏಕೆ ನಾಶಪಡಿಸಿದರೆಂದು ಅದರ ಮುಂದೆಯೇ ಬರೆಯಬೇಕು. ಅವಧಿ ಮುಗಿದುದರಿಂದ ತೆಗೆದದ್ದೇ ಅಥವಾ ಮರೆಮಾಚಲು ತೆಗೆದದ್ದೇ ಎಂಬ ಸಂಶಯ ಬಂದರೆ ಆ ಒಂದು ಸಾಲೇ ಉತ್ತರ ಕೊಡುತ್ತದೆ. ಒಂದು ಪುಸ್ತಕ ಹಿಡಿಯುವ ಜಾಗ ಅತ್ಯಲ್ಪ. ಆದ್ದರಿಂದ ವ್ಯವಹಾರ ಇರುವವರೆಗೂ ಅದನ್ನು ಇಟ್ಟರೆ ನಷ್ಟವೇನೂ ಇಲ್ಲ. ದಿನವೂ ಅದೇ ಪೆನ್ ಡ್ರೈವಿನಲ್ಲಿ ಮೇಲೆ ಮೇಲೆ ಬರೆಯುವ ಬ್ಯಾಕಪ್ಪಿಗೆ ಇಷ್ಟು ಬೇಡ. ತಿಂಗಳ ಕೊನೆಯ ಮತ್ತು ಮಾರ್ಚ್ 31ರ ಪ್ರತಿಗಳನ್ನು ನಮೂದಿಸಿದರೆ ಸಾಕು.

ಇದಕ್ಕೊಂದು ಅಪವಾದವಿದೆ. ಜಮೀನು, ಕಟ್ಟಡ, ಯಂತ್ರಗಳ ಖರೀದಿಯ ದಾಖಲೆಗಳಿಗೆ ಎಂಟು ವರ್ಷಗಳ ಲೆಕ್ಕ ಸಲ್ಲದು. ಇಪ್ಪತ್ತು ವರ್ಷಗಳ ನಂತರ ಜಮೀನನ್ನು ಮಾರಿದರೂ, ಲಾಭ ನಿರ್ಧರಿಸಲು ಕೊಂಡ ಬೆಲೆಯ ಪುರಾವೆ ಬೇಕು. ಅವುಗಳನ್ನು ಪ್ರತ್ಯೇಕ ಡಿಸ್ಕಿನಲ್ಲಿರಿಸಿ ಸೂಚಿಯಲ್ಲಿ 'ಶಾಶ್ವತ' ಎಂದು ಬರೆಯಿರಿ.

ಸೂಚಿಯಲ್ಲಿ ಡಿಸ್ಕಿನ ಸಂಖ್ಯೆ, ಬ್ಯಾಕಪ್ ತೆಗೆದ ದಿನಾಂಕ, ಒಳಗಿರುವ ವರ್ಷ, ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಇರಿಸಿದ ಸ್ಥಳ, ಕೊನೆಯ ಬಾರಿ ತೆರೆದು ಪರೀಕ್ಷಿಸಿದ ದಿನ, ನಾಶಪಡಿಸಬಹುದಾದ ದಿನ, ಇಷ್ಟು ಅಂಕಣಗಳು ಸಾಕು. ಅದೇ ಸಂಖ್ಯೆಯ ಚೀಟಿ ಡಿಸ್ಕಿನ ಮೇಲೂ ಇರಲಿ. ಪಾಸ್‌ವರ್ಡನ್ನು ಇಲ್ಲಿ ಬರೆಯದೆ, ಮುಚ್ಚಿದ ಲಕೋಟೆಯಲ್ಲಿಟ್ಟು ಬ್ಯಾಂಕಿನ ಲಾಕರಿನಲ್ಲಿಡುವುದು ಒಳ್ಳೆಯದು. ಸೂಚಿಯನ್ನು ಅದೇ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟರೆ ಯಂತ್ರ ಕೆಟ್ಟ ದಿನ ಎರಡೂ ಹೋದಂತೆಯೇ. ಆದುದರಿಂದ ಕೈಬರಹದ ಒಂದು ಪ್ರತಿ ಅಂಗಡಿಯಲ್ಲೂ, ಇನ್ನೊಂದು ಮನೆಯಲ್ಲೂ ಇರಲಿ. ವರ್ಷಕ್ಕೊಮ್ಮೆಯಾದರೂ ಪ್ರತಿ ಡಿಸ್ಕನ್ನು ತೆರೆದು ನೋಡಿ. ತೊಂದರೆ ಕಂಡೊಡನೆ ಹೊಸ ಡಿಸ್ಕಿಗೆ ಇಳಿಸಿ, ಆ ಸಂಗತಿಯನ್ನೂ ಸೂಚಿಯಲ್ಲಿ ನಮೂದಿಸಿ.

ಮುಂದಿನ ಆಯುಧಪೂಜೆಗೆ ಅಂಗಡಿ ಸ್ವಚ್ಛಗೊಳಿಸುವ ಮುನ್ನ ಒಂದು ಸಂಜೆ ಕುಳಿತು, ಡ್ರಾಯರಿನಲ್ಲಿರುವ ಡಿಸ್ಕುಗಳಿಗೆಲ್ಲ ಸಂಖ್ಯೆ ಹಾಕಿ ಈ ಪುಸ್ತಕವನ್ನು ಆರಂಭಿಸಬೇಕೆಂದು ವರ್ತಕ ಬಂಧುಗಳಲ್ಲಿ ವಿನಂತಿ. ಪೂಜೆಯ ದಿನ ಹೊಸ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಅದಕ್ಕೂ ಒಂದಿಷ್ಟು ಅರಿಶಿನ, ಕುಂಕುಮ ಬೀಳಲಿ. ಪೂಜೆಗಿಟ್ಟ ಪುಸ್ತಕವನ್ನು ಯಾರೂ ಗುಜರಿಗೆ ಹಾಕುವುದಿಲ್ಲ.