ಅಟ್ಟದ ಮೇಲಿನ ಹಳೇ ಚೈನ್ ಸಾ: ಸ್ಟಾರ್ಟ್ ಆದ್ರೆ ಸಾಲದು, ಬ್ರೇಕ್ ಹಿಡಿಯುತ್ತಾ ನೋಡಿ

ತೀರ್ಥಹಳ್ಳಿ: ಮಳೆಗಾಲ ಶುರುವಾದ್ರೆ ನಮ್ಮ ಕಡೆ ತೋಟಕ್ಕೆ, ರಸ್ತೆಗೆ ಮರ ಬೀಳೋದು ಮಾಮೂಲು. ಆಗಲೇ ಎಲ್ಲರಿಗೂ ಅಟ್ಟದ ಮೇಲಿರೋ ಚೈನ್ ಸಾ ನೆನಪಾಗೋದು. ಇಳಿಸಿ ಹಗ್ಗ ಎಳೆದ್ರೆ ಸ್ಟಾರ್ಟ್ ಆಗಲ್ಲ. ಹೋದ ವರ್ಷ ನಮ್ಮ ಮನೆಯಲ್ಲೂ ಇದೇ ಕಥೆ. ಅಪ್ಪ "ಗುಜರಿಗೆ ಹಾಕು" ಅಂದ್ರು. ಮೆಕ್ಯಾನಿಕ್ ಒಬ್ಬರ ಹತ್ರ ಕೂತು ಬಿಚ್ಚಿಸಿದಾಗ ಕೆಟ್ಟಿದ್ದು ಇಂಜಿನ್ ಅಲ್ಲ, ಕಾರ್ಬುರೇಟರ್ ಒಳಗಿನ ತೆಳು ರಬ್ಬರ್ ಪದರ ಅಂತ ಗೊತ್ತಾಯ್ತು.

ಇಂಜಿನ್ ಸರಿ ಇದೆಯಾ?

ಸ್ವಿಚ್ ಆಫ್ ಮಾಡಿ, ಚೈನಿಗೆ ಕವರ್ ಹಾಕಿ, ಸ್ಟಾರ್ಟರ್ ಹಿಡಿಯಿಂದ ಮಿಷನ್ ನೇತಾಡಿಸಿ. ತಡೆತಡೆದು ನಿಧಾನಕ್ಕೆ ಇಳಿದರೆ ಕಂಪ್ರೆಷನ್ ಇದೆ. ಸರ್ರನೆ ಇಳಿದರೆ ಅನುಮಾನ. ಸೈಲೆನ್ಸರ್ ಬಿಚ್ಚಿದರೆ ಕಿಂಡಿಯಲ್ಲಿ ಪಿಸ್ಟನ್ ಕಾಣುತ್ತೆ. ಅದರ ಮೇಲೆ ಉದ್ದುದ್ದ ಗೀರು ಬಿದ್ದಿದ್ರೆ ಖರ್ಚು ದೊಡ್ಡದು. ನುಣುಪಾಗಿದ್ರೆ ರಿಪೇರಿ ಮಾಡಿಸಬಹುದು.

ಪೆಟ್ರೋಲ್ ಬಿಟ್ಟಿಟ್ಟರೆ ತೊಂದರೆ

ಚೈನ್ ಸಾವನ್ನು ಓರೆ, ಅಡ್ಡ ಹೇಗೆ ಬೇಕಾದ್ರೂ ಹಿಡಿತೀವಿ. ಹಾಗಾಗಿ ಅದರ ಕಾರ್ಬುರೇಟರಲ್ಲಿ ಬೈಕಿನ ಥರ ಫ್ಲೋಟ್ ಇರಲ್ಲ. ರಬ್ಬರಿನಂಥ ಡಯಾಫ್ರಮ್ ಅಲುಗಾಡಿ ಪೆಟ್ರೋಲ್ ಎಳೆದುಕೊಡುತ್ತೆ. ತಿಂಗಳುಗಟ್ಟಲೆ ಪೆಟ್ರೋಲ್ ಬಿಟ್ಟಿಟ್ಟರೆ ಇದು ಬಿರುಸಾಗುತ್ತೆ. ಈಗಿನ ಪೆಟ್ರೋಲಿನಲ್ಲಿರೋ ಎಥನಾಲ್ ತೇವ ಹೀರುತ್ತೆ, ಹಳೇ ರಬ್ಬರ್ ಪೈಪನ್ನೂ ಹಾಳು ಮಾಡುತ್ತೆ. ಡಯಾಫ್ರಮ್ ಕಿಟ್, ಪೆಟ್ರೋಲ್ ಪೈಪ್, ಟ್ಯಾಂಕಿನೊಳಗಿನ ಫಿಲ್ಟರ್, ಪ್ಲಗ್ ಇಷ್ಟು ಬದಲಾಯಿಸಿದರೆ ಬಹಳಷ್ಟು ಮಿಷನ್‌ಗಳು ಎದ್ದು ಕೂರ್ತವೆ.

ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಲೇಬೇಕು. 50:1 ಅಂದ್ರೆ ಲೀಟರಿಗೆ 20 ಎಂ.ಎಲ್., 25:1 ಅಂದ್ರೆ 40 ಎಂ.ಎಲ್. ನಿಮ್ಮ ಮಿಷನ್ನಿಗೆ, ನೀವು ಹಾಕೋ ಆಯಿಲಿಗೆ ಯಾವ ಅಳತೆ ಅಂತ ಮೊದಲು ನೋಡಿಕೊಳ್ಳಿ.

ಸ್ಕ್ರೂ ತಿರುಗಿಸೋ ಮುಂಚೆ

ಕಾರ್ಬುರೇಟರಿನ 'ಎಚ್' ಸ್ಕ್ರೂ ಬಿಗಿ ಮಾಡಿದ್ರೆ ಸೌಂಡ್ ಜೋರು ಬರುತ್ತೆ, ಖುಷಿಯೂ ಆಗುತ್ತೆ. ಆದ್ರೆ ಪೆಟ್ರೋಲ್ ಕಮ್ಮಿಯಾದ್ರೆ ಅದರ ಜೊತೆ ಬರೋ ಆಯಿಲೂ ಕಮ್ಮಿ. ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತೆ. ಐಡಲ್‌ನಲ್ಲಿ ಚೈನ್ ತಿರುಗಲೇಬಾರದು. ಐಡಲ್ ಇಳಿಸಿದ ಮೇಲೂ ತಿರುಗ್ತಿದ್ರೆ ಕ್ಲಚ್ ಸ್ಪ್ರಿಂಗ್ ತೋರಿಸಿ.

ಎಲ್ಲರೂ ಮರೆಯೋದು ಇದನ್ನೇ

ಮುಂದಿನ ಹಿಡಿಯ ಎದುರಿಗಿರೋ ಪ್ಲಾಸ್ಟಿಕ್ ಗಾರ್ಡ್ ಬರೀ ಕೈಗೆ ಅಡ್ಡ ಅಲ್ಲ, ಅದು ಬ್ರೇಕಿನ ಲಿವರ್. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದ್ರೆ ಮಿಷನ್ ಒಮ್ಮೆಲೇ ಮುಖದ ಕಡೆ ಹಾರುತ್ತೆ. ಆಗ ಈ ಗಾರ್ಡ್ ಮುಂದಕ್ಕೆ ಹೋಗಿ, ಒಳಗಿನ ಉಕ್ಕಿನ ಪಟ್ಟಿ ಕ್ಲಚ್ ಡ್ರಮ್ಮನ್ನು ಹಿಡಿದು ಚೈನ್ ನಿಲ್ಲಿಸಬೇಕು. ಹಳೇ ಮಿಷನ್‌ಗಳಲ್ಲಿ ಅಲ್ಲಿ ಮರದ ಹುಡಿ, ಎಣ್ಣೆ ಸೇರಿ ಗಟ್ಟಿಯಾಗಿರುತ್ತೆ, ಪಟ್ಟಿ ಸವೆದಿರುತ್ತೆ. ಕೆಲವರು ಅಡ್ಡ ಬರುತ್ತೆ ಅಂತ ಗಾರ್ಡನ್ನೇ ಕಿತ್ತುಬಿಡ್ತಾರೆ.

ಪರೀಕ್ಷೆ ಸುಲಭ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ರೇಸ್ ಕೊಟ್ಟು, ಎಡ ಮಣಿಕಟ್ಟಿನಿಂದ ಗಾರ್ಡ್ ಮುಂದೆ ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಮರಕ್ಕೆ ಹಿಡಿಯಬೇಡಿ.

ನಮ್ಮ ಮಿಷನ್ ಸ್ಟಾರ್ಟ್ ಆದ ಮೇಲೂ ಮೆಕ್ಯಾನಿಕ್ ಎರಡು ದಿನ ಕೊಡಲಿಲ್ಲ. ಬ್ರೇಕ್ ಪಟ್ಟಿ ಬರಬೇಕಿತ್ತು. ಅಪ್ಪನಿಗೆ ಸಿಟ್ಟು ಬಂದಿತ್ತು. ಅವರು ಹೇಳಿದ್ದು ಇಷ್ಟೇ: "ಮರ ನಾಳೆ ಕೊಯ್ಯಬಹುದು ಭಟ್ರೇ, ಕೈ ಹೋದ್ರೆ ವಾಪಸ್ ಬರಲ್ಲ."

ನೆನಪಿರಲಿ: ಕರೆಂಟ್ ಲೈನ್ ಮೇಲೆ ಬಿದ್ದ ಮರ ಮುಟ್ಟಬೇಡಿ, ಮೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.